ಬಿಡುವಿಲ್ಲದವರ ಕೆಲಸ, ನಮಗೊಂದು ಕಸುಬು

ಕೇಳುಗರೇ, ನಮಸ್ಕಾರ.

ಮಾಗಿ ಚಳಿ ಶುರುವಾಯಿತೆಂದರೆ ಬೆಂಗಳೂರು, ಮೈಸೂರಿನ ಮಾರುಕಟ್ಟೆಗಳಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ರಾಶಿಯ ಪಕ್ಕದಲ್ಲಿ ಕೂತ ಹೆಂಗಸರ ಕೈಯನ್ನೊಮ್ಮೆ ಗಮನಿಸಿ. ಸುಲಿದು ನೆನೆಸಿದ ಕಾಳನ್ನು ಎರಡು ಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಜಾರುತ್ತದೆ. ಕಾಯಿಯ ಬೆಲೆಗೂ ಹಿತಕಿದ ಬೇಳೆಯ ಬೆಲೆಗೂ ಅಜಗಜಾಂತರ. ಆದರೂ ಆಫೀಸು ಮುಗಿಸಿ ಮನೆಗೆ ಹೊರಟವರು ಚೌಕಾಸಿ ಮಾಡದೆ ಬೇಳೆಯನ್ನೇ ಕೊಳ್ಳುತ್ತಾರೆ. ಅವರ ಒಂದು ಸಂಜೆಯ ಕೆಲಸ ಆಗಲೇ ಮುಗಿದಿದೆಯಲ್ಲ!

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಿಗೆ ಇಂಥ ಕೆಲಸ ಮಾಡಿಕೊಡುವುದು ಒಳ್ಳೆಯ ಕಸುಬು. ಆದರೆ ಯಾವ ಕೆಲಸ ಹಿಡಿಯಬೇಕು ಎನ್ನುವುದರಲ್ಲೇ ಅರ್ಧ ಗೆಲುವಿದೆ.

ದೋಸೆ ಹಿಟ್ಟನ್ನೇ ನೋಡಿ. ಬೆಂಗಳೂರಿನ ಕಿರಾಣಿ ಅಂಗಡಿಗಳಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಹಿಟ್ಟು ಮಾರುತ್ತಿದ್ದರು. ಒಂದು ದಿನ ಚೆನ್ನಾಗಿರುತ್ತಿತ್ತು, ಇನ್ನೊಂದು ದಿನ ಹುಳಿ. 2005ರಲ್ಲಿ ಮುಸ್ತಫಾ ಪಿ.ಸಿ. ಮತ್ತು ಅವರ ಸೋದರಸಂಬಂಧಿಗಳು ಸೇರಿ ಐಡಿ ಎಂಬ ಹೆಸರಿನಲ್ಲಿ ಶುರು ಮಾಡಿದ್ದು ಇದೇ ಹಿಟ್ಟಿನ ವ್ಯಾಪಾರವನ್ನು. ದಿನಕ್ಕೆ 100 ಪೊಟ್ಟಣ ಮುಟ್ಟಲು ಅವರಿಗೆ ತಿಂಗಳುಗಟ್ಟಲೆ ಹಿಡಿಯಿತು. ಹೊಸದನ್ನೇನೂ ಕಂಡುಹಿಡಿಯಲಿಲ್ಲ, ಇದ್ದ ಹಿಟ್ಟನ್ನೇ ಶುಚಿಯಾಗಿ, ಪ್ರತಿದಿನ ಒಂದೇ ಹದದಲ್ಲಿ ಕೊಟ್ಟರು. ಹೇಳುವಷ್ಟು ಸುಲಭವಲ್ಲ ಅದು. ರುಬ್ಬುವಾಗ ಗ್ರೈಂಡರ್ ಬಿಸಿಯಾದರೆ ಹಿಟ್ಟು ಕೆಡುತ್ತದೆ, ತಣ್ಣೀರು ಹಾಕುತ್ತಿರಬೇಕು. ಬೇಸಿಗೆಯಲ್ಲಿ ನೋಡನೋಡುತ್ತಲೇ ಹುಳಿ ಬಂದು ಪೊಟ್ಟಣ ಉಬ್ಬುತ್ತದೆ. ಡಿಸೆಂಬರಿನಲ್ಲಿ ಬೆಳಗಾದರೂ ಹಿಟ್ಟು ಏಳುವುದಿಲ್ಲ. ಗಿರಾಕಿಗೆ ಈ ಋತುಮಾನದ ಕಥೆ ಬೇಕಿಲ್ಲ, ಏಳು ಗಂಟೆಗೆ ದೋಸೆ ಬೇಕು.

ಉತ್ತರ ಕರ್ನಾಟಕದ ಖಡಕ್ ರೊಟ್ಟಿಯದೂ ಇದೇ ದಾರಿ. ತಿಂಗಳುಗಟ್ಟಲೆ ಕೆಡದ ರೊಟ್ಟಿಗೆ ಬೆಂಗಳೂರಿನಲ್ಲೂ ಗಿರಾಕಿಗಳಿದ್ದಾರೆ. ಬಡಿಯಲು ಬರುವ ಕೈಗಳೇ ಕಡಿಮೆ.

ಇನ್ನೊಂದು ಮಗ್ಗುಲು ನೋಡೋಣ. ಅದೇ 2005ರಲ್ಲಿ ಸರ್ಕಾರ ಬೆಂಗಳೂರು ಒನ್ ಕೇಂದ್ರಗಳನ್ನು ತೆರೆಯಿತು. ಕರೆಂಟ್ ಬಿಲ್ಲು, ನೀರಿನ ಬಿಲ್ಲು ಎಲ್ಲ ಒಂದೇ ಕಿಟಕಿಯಲ್ಲಿ. ಆಗ ಅದು ದೊಡ್ಡ ಅನುಕೂಲ. ಈಗ ಬಿಲ್ಲು ಕಟ್ಟುವ ಕೆಲಸವನ್ನು ಫೋನೇ ಮುಗಿಸುತ್ತದೆ. ಬರೀ ಬಿಲ್ಲು ಕಟ್ಟಿಕೊಟ್ಟು ಕಮಿಷನ್ ಪಡೆಯುತ್ತೇನೆಂದು ಇವತ್ತು ಯಾರಾದರೂ ಅಂಗಡಿ ತೆರೆದರೆ ನಾನಂತೂ ಬೇಡವೆನ್ನುತ್ತೇನೆ. ಏನು ಬೇಕಾದರೂ ತಂದುಕೊಡುತ್ತೇವೆಂದು ವಾಟ್ಸಾಪ್‌ನಲ್ಲಿ ಆರ್ಡರ್ ಪಡೆದು ಶುರುವಾದ ಬೆಂಗಳೂರಿನ ಡನ್ಜೊ ದೊಡ್ಡ ದೊಡ್ಡ ಹೂಡಿಕೆದಾರರನ್ನು ಕಂಡಿತ್ತು. 2025ರ ಆರಂಭದಲ್ಲಿ ಅದರ ಬಾಗಿಲು ಮುಚ್ಚಿತು. ಪ್ರತಿ ಸಾಮಾನಿಗೂ ಒಬ್ಬ ಹುಡುಗ, ಒಂದು ಗಾಡಿ ಓಡಬೇಕು. ಆ ಖರ್ಚನ್ನು ಪೂರ್ತಿ ಕೊಡಲು ಗಿರಾಕಿಗೆ ಮನಸ್ಸಿರುವುದಿಲ್ಲ.

ಹಾಗಾಗಿ ಫೋನಿನಿಂದ ಆಗದ, ಕೈಯಿಂದಲೇ ಆಗಬೇಕಾದ, ಮತ್ತೆ ಮತ್ತೆ ಬೇಕಾಗುವ ಕೆಲಸ ಆರಿಸಿಕೊಳ್ಳಿ. ಒಂದೇ ಬಡಾವಣೆ ಸಾಕು. ತಿಂಡಿ ತಿನಿಸಿನ ವ್ಯವಹಾರಕ್ಕೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಮನೆಯಲ್ಲೇ ಮಾಡಿದರೂ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕಿರು ಆಹಾರ ಘಟಕಗಳಿಗೆ ಕೇಂದ್ರದ ಶೇ 35 ಸಹಾಯಧನದ ಮೇಲೆ ನಮ್ಮ ರಾಜ್ಯ ಶೇ 15 ಸೇರಿಸಿತು. ಆದರೆ ಸಬ್ಸಿಡಿ ಸಿಗುತ್ತದೆಂದು ಮೊದಲೇ ದೊಡ್ಡ ಯಂತ್ರ ತಂದಿಡಬೇಡಿ. ಗಿರಾಕಿ ಕುದುರಲಿ, ಆಮೇಲೆ ಯಂತ್ರ.

ಅಡುಗೆಮನೆಯ ಆಚೆಗೂ ಒಂದು ಕೆಲಸವಿದೆ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ, ತಂದೆ ತಾಯಿ ಧಾರವಾಡದಲ್ಲೋ ಮೈಸೂರಲ್ಲೋ. ಅವರನ್ನು ಆಸ್ಪತ್ರೆಗೆ ಕರೆದೊಯ್ದು, ಚೀಟಿ ಮಾಡಿಸಿ, ಡಾಕ್ಟರು ಹೇಳಿದ್ದನ್ನು ಬರೆದುಕೊಂಡು, ಔಷಧಿ ಕೊಡಿಸಿ, ಮನೆಗೆ ಬಿಟ್ಟು ಮಕ್ಕಳಿಗೆ ಫೋನ್ ಮಾಡಬೇಕು. ಇದಕ್ಕೆ ಬಂಡವಾಳವೇನೂ ಬೇಡ. ಊರಿನವರಿಗೆ ನಿಮ್ಮ ಪರಿಚಯವಿರಬೇಕು, ಹೇಳಿದ ಹೊತ್ತಿಗೆ ಹೋಗಬೇಕು. ದರವನ್ನು ಮಾತ್ರ ಗಂಟೆಯ ಲೆಕ್ಕದಲ್ಲಿ ಮೊದಲೇ ಹೇಳಿಬಿಡಿ. ಆಸ್ಪತ್ರೆಯಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೋ ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ನಮಸ್ಕಾರ.