ಬ್ರೆಡ್ಡಿನ ತೂತುಗಳು ಯಾರ ಕೆಲಸ?

ಕೇಳುಗರಿಗೆ ನಮಸ್ಕಾರ.

ಬ್ರೆಡ್ಡಿನ ಹೋಳೊಂದನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ತುಂಬ ಚಿಕ್ಕದೊಡ್ಡ ತೂತುಗಳು ಕಾಣುತ್ತವೆ. ಇವೆಲ್ಲ ಯೀಸ್ಟಿನ ಕೆಲಸವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಮಾತು ಅರ್ಧ ಮಾತ್ರ ನಿಜ.

ಯೀಸ್ಟ್ ಅಣಬೆಯಂತೆಯೇ ಶಿಲೀಂಧ್ರ ವರ್ಗಕ್ಕೆ ಸೇರಿದ ಏಕಕೋಶ ಜೀವಿ. ಬ್ರೆಡ್ಡಿಗೆ ಬಳಸುವ ಜಾತಿಗೆ ವಿಜ್ಞಾನಿಗಳು ಇಟ್ಟ ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಇದು ಜೀವಿಯೇ ಅಥವಾ ಅಲ್ಲವೇ ಎಂಬ ಜಗಳ ಹತ್ತೊಂಬತ್ತನೆಯ ಶತಮಾನದಲ್ಲಿ ದಶಕಗಟ್ಟಲೆ ನಡೆಯಿತು. ಹುದುಗುವಿಕೆಗೆ ಬದುಕಿರುವ ಯೀಸ್ಟೇ ಕಾರಣವೆಂದು ಲೂಯಿ ಪಾಶ್ಚರ್ ವಾದಿಸಿದರು. 1897ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಬುಖ್ನರ್, ಯೀಸ್ಟನ್ನು ಅರೆದು ಹಿಂಡಿದ ರಸದಲ್ಲಿ ಜೀವಕೋಶಗಳಿಲ್ಲದಿದ್ದರೂ ಅದು ಸಕ್ಕರೆಯನ್ನು ಹುದುಗಿಸುತ್ತದೆ ಎಂದು ತೋರಿಸಿ, 1907ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಕೆಲಸ ಮಾಡುವುದು ಕೋಶದೊಳಗಿನ ಕಿಣ್ವಗಳು, ಅಂದರೆ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು, ಎಂಬುದು ಹೀಗೆ ಗೊತ್ತಾಯಿತು.

ಹಿಟ್ಟಿನಲ್ಲಿ ಹೇರಳವಾಗಿರುವುದು ಪಿಷ್ಟ. ಆದರೆ ಬ್ರೆಡ್ಡಿನ ಯೀಸ್ಟಿಗೆ ಪಿಷ್ಟವನ್ನು ನೇರವಾಗಿ ಉಣ್ಣಲು ಬಾರದು. ಹಿಟ್ಟಿಗೆ ನೀರು ಬಿದ್ದೊಡನೆ ಗೋಧಿಯಲ್ಲೇ ಅಡಗಿರುವ ಅಮೈಲೇಸ್ ಎಂಬ ಕಿಣ್ವಗಳು ಎಚ್ಚೆತ್ತು, ಬೀಸುವಾಗ ಜಜ್ಜಿಹೋದ ಪಿಷ್ಟದ ಕಣಗಳನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯನ್ನು ಒದಗಿಸುತ್ತವೆ. ಯೀಸ್ಟ್ ಅದನ್ನು ಒಳಗೆಳೆದುಕೊಂಡು, ಗ್ಲೂಕೋಸಾಗಿ ಒಡೆದು, ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ರಸಾಯನದ ಲೆಕ್ಕದಲ್ಲಿ 180 ಗ್ರಾಂ ಗ್ಲೂಕೋಸಿನಿಂದ 88 ಗ್ರಾಂ ಇಂಗಾಲದ ಡೈಆಕ್ಸೈಡ್ ಬರಬೇಕು. ಕೋಣೆಯ ಉಷ್ಣತೆಯಲ್ಲಿ ಅದು 48 ಲೀಟರಿನಷ್ಟು ಜಾಗ ಹಿಡಿಯುತ್ತದೆ.

ಇಷ್ಟೊಂದು ಅನಿಲ ಹುಟ್ಟಿದರೂ ಯೀಸ್ಟ್ ತಾನಾಗಿ ಒಂದು ಹೊಸ ಗುಳ್ಳೆಯನ್ನೂ ಸೃಷ್ಟಿಸಲಾರದು. ಅನಿಲ ಮೊದಲು ಹಿಟ್ಟಿನ ನೀರಿನಲ್ಲಿ ಕರಗುತ್ತದೆ. ನೀರು ತುಂಬಿ ತುಳುಕಿದ ಮೇಲೆ, ನಾದುವಾಗ ಹಿಟ್ಟಿನೊಳಗೆ ಸಿಕ್ಕಿಕೊಂಡ ಗಾಳಿಯ ಅತಿಸೂಕ್ಷ್ಮ ಗುಳ್ಳೆಗಳನ್ನು ಹುಡುಕಿಕೊಂಡು ಹೋಗಿ ಅವುಗಳೊಳಗೆ ಸೇರಿ ಅವನ್ನು ಊದಿಸುತ್ತದೆ. ಅಂದರೆ ತೂತಿನ ಬೀಜವನ್ನು ಬಿತ್ತುವುದು ನಾದುವ ಕೈ, ಯೀಸ್ಟ್ ಅದನ್ನು ಬೆಳೆಸುತ್ತದೆ. ಗುಳ್ಳೆಯ ಗೋಡೆ ಹರಿಯದೆ ಹಿಗ್ಗುವಂತೆ ನೋಡಿಕೊಳ್ಳುವ, ಗೋಧಿಯ ಪ್ರೋಟೀನುಗಳಿಂದಾದ ಗ್ಲುಟೆನ್ ಎಂಬ ಜಾಲವೂ ಚೆನ್ನಾಗಿ ನಾದಿದಷ್ಟೂ ಬಲಗೊಳ್ಳುತ್ತದೆ. ಬ್ರೆಡ್ ಉಬ್ಬದಿದ್ದಾಗ ಯೀಸ್ಟನ್ನೇ ದೂರುವವರು ತಮ್ಮ ತೋಳನ್ನೂ ಒಮ್ಮೆ ವಿಚಾರಿಸಿಕೊಳ್ಳಬಹುದು.

ಉಪ್ಪು ಯೀಸ್ಟಿನ ವೇಗಕ್ಕೆ ಕಡಿವಾಣ ಹಾಕುತ್ತದೆ. ಹಿಟ್ಟಿನ ತೂಕದ ಶೇಕಡಾ 2ರಷ್ಟು ಸಾಕು. ಸಕ್ಕರೆ ಅತಿಯಾದರೂ ಯೀಸ್ಟ್ ಸೊರಗುತ್ತದೆ, ಏಕೆಂದರೆ ಸಕ್ಕರೆ ಕೋಶದೊಳಗಿನ ನೀರನ್ನೇ ಹೊರಗೆ ಎಳೆಯುತ್ತದೆ. ಕಲಸಿದ ಹಿಟ್ಟು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಗ ಉಬ್ಬುತ್ತದೆ, ಫ್ರಿಜ್ಜಿನಲ್ಲಿ ಇಡೀ ರಾತ್ರಿ ತೆಗೆದುಕೊಳ್ಳುತ್ತದೆ. ಹೀಗೆ ತಡವಾಗಿ ಉಬ್ಬಿದ ಹಿಟ್ಟಿನ ರುಚಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಓವನಿಗೆ ಹೋದ ಮೊದಲ ಕೆಲವು ನಿಮಿಷಗಳಲ್ಲಿ ಯೀಸ್ಟ್ ಇನ್ನಷ್ಟು ಚುರುಕಾಗುತ್ತದೆ, ಅನಿಲ ಹಿಗ್ಗುತ್ತದೆ, ಮದ್ಯಸಾರ ಆವಿಯಾಗುತ್ತದೆ. ಹಿಟ್ಟು ಕಣ್ಣೆದುರೇ ಏಳುತ್ತದೆ. ಸುಮಾರು 60 ಡಿಗ್ರಿ ತಲಪುವಷ್ಟರಲ್ಲಿ ಯೀಸ್ಟ್ ಸಾಯುತ್ತದೆ. ಅಲ್ಲಿಂದ ಮುಂದೆ ಪಿಷ್ಟ ನೀರು ಹೀರಿ ಬೇಯುತ್ತದೆ, ಗ್ಲುಟೆನ್ ಗಟ್ಟಿಯಾಗುತ್ತದೆ, ಬಿಗಿದ ಗೋಡೆಗಳು ಅಲ್ಲಲ್ಲಿ ಒಡೆದು ಗುಳ್ಳೆಗಳು ಒಂದಕ್ಕೊಂದು ತೆರೆದುಕೊಳ್ಳುತ್ತವೆ. ಆದ್ದರಿಂದಲೇ ಬ್ರೆಡ್ ತಣ್ಣಗಾಗುವಾಗ ಕುಸಿಯುವುದಿಲ್ಲ: ಒಳಗಿನ ಅನಿಲ ಮತ್ತು ಆವಿ ಬಿಟ್ಟುಹೋದ ಜಾಗಕ್ಕೆ ಹೊರಗಿನ ಗಾಳಿ ನುಗ್ಗಿ, ನಾದುವಾಗ ಗಾಳಿಯಿಂದಲೇ ಶುರುವಾಗಿದ್ದ ಆ ತೂತುಗಳನ್ನು ಮತ್ತೆ ತುಂಬಿಕೊಳ್ಳುತ್ತದೆ.