ರಿಲೇಗೆ ಕರೆಂಟ್ ಗೊತ್ತು, ಮೋಟರಿನ ಬಿಸಿ ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೇಂಟೆನೆನ್ಸ್ ಕೆಲಸ ಮಾಡುವವರು ಇಲ್ಲಿದ್ದೀರಿ, ಸಣ್ಣ ಕಾರ್ಖಾನೆ ನಡೆಸುವವರಿದ್ದೀರಿ, ಐಟಿಐ ಓದುತ್ತಿರುವವರೂ ಇದ್ದೀರಿ. ಮೋಟರ್ ಸುಟ್ಟಾಗ ಮಾಲೀಕರು ಎಲೆಕ್ಟ್ರಿಷಿಯನ್‌ಗೆ ಕೇಳುವ ಮೊದಲ ಪ್ರಶ್ನೆ ಒಂದೇ: "ಸ್ಟಾರ್ಟರ್‌ನಲ್ಲಿ ರಿಲೇ ಇತ್ತಲ್ವಾ, ಮತ್ತೆ ಹೇಗೆ ಸುಟ್ಟಿತು?" ತುಂಬಾ ಸರಿಯಾದ ಪ್ರಶ್ನೆ ಅದು. ಇವತ್ತು ಅದಕ್ಕೇ ಉತ್ತರ ಹುಡುಕೋಣ.

ಓವರ್‌ಲೋಡ್ ರಿಲೇ, ಅಂದರೆ ಮೋಟರ್ ಜಾಸ್ತಿ ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಸಾಧನ, ಅದರ ಒಳಗೆ ಏನಿರುತ್ತದೆ? ಎರಡು ಬೇರೆ ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ, ಫೇಸಿಗೆ ಒಂದರಂತೆ. ಮೋಟರಿಗೆ ಹೋಗುವ ಕರೆಂಟ್ ಆ ಪಟ್ಟಿಯನ್ನು ಬಿಸಿ ಮಾಡುತ್ತದೆ. ಕರೆಂಟ್ ಜಾಸ್ತಿಯಾದರೆ ಪಟ್ಟಿ ಬಗ್ಗುತ್ತದೆ, ಒಂದು ಕಾಂಟ್ಯಾಕ್ಟ್ ಬಿಡುತ್ತದೆ, ಸ್ಟಾರ್ಟರ್ ಬೀಳುತ್ತದೆ, ಮೋಟರ್ ನಿಲ್ಲುತ್ತದೆ. ಅಷ್ಟೇ. ಮೋಟರ್ ಎಷ್ಟು ಬಿಸಿಯಾಗಿದೆ ಎಂದು ರಿಲೇ ನೋಡುವುದಿಲ್ಲ. ಕರೆಂಟ್ ನೋಡಿ ಊಹಿಸುತ್ತದೆ. ವೈಂಡಿಂಗ್, ಅಂದರೆ ಮೋಟರ್ ಒಳಗಿನ ತಂತಿಯ ಸುರುಳಿ, ಸಾಯುವುದು ಮಾತ್ರ ಬಿಸಿಯಿಂದ. ಊಹೆ ತಪ್ಪುವ ಜಾಗಗಳಲ್ಲೇ ಮೋಟರ್ ಸುಡುತ್ತದೆ.

ಬಿಸಿಯ ಲೆಕ್ಕ ಮೊದಲು ನೋಡಿ. ನೇಮ್‌ಪ್ಲೇಟ್ ಮೇಲೆ ಇನ್ಸುಲೇಷನ್ ಕ್ಲಾಸ್, ಅಂದರೆ ವೈಂಡಿಂಗಿನ ಹೊದಿಕೆ ಎಷ್ಟು ಬಿಸಿ ತಾಳುತ್ತದೆ ಎಂಬುದು, ಬರೆದಿರುತ್ತದೆ. ಬಿ ಅಂದರೆ 130 ಡಿಗ್ರಿ, ಎಫ್ ಅಂದರೆ 155, ಎಚ್ ಅಂದರೆ 180. ಈಗ ಬರುವ ಮೋಟರುಗಳಲ್ಲಿ ಜಾಸ್ತಿ ಎಫ್. ಸುತ್ತಲಿನ ಗಾಳಿ 40 ಡಿಗ್ರಿ ಮೀರುವುದಿಲ್ಲ ಎಂದು ಹಿಡಿದು ಈ ಲೆಕ್ಕ ಹಾಕಿರುತ್ತಾರೆ. ವೈಂಡಿಂಗ್ ಪ್ರತಿ 10 ಡಿಗ್ರಿ ಹೆಚ್ಚು ಬಿಸಿಯಾದಾಗ ಇನ್ಸುಲೇಷನ್ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ನಮ್ಮ ಕೆಲಸದಲ್ಲಿ ಎಲ್ಲರೂ ಬಳಸುವ ಅಂದಾಜು. ಇವತ್ತು ಸುಟ್ಟ ಮೋಟರ್ ಎಷ್ಟೋ ಸಲ ಹೋದ ವರ್ಷದಿಂದಲೇ ಸಾಯುತ್ತಾ ಬಂದಿರುತ್ತದೆ.

ಈಗ ಸಿಂಗಲ್ ಫೇಸಿಂಗ್, ಅಂದರೆ ಮೂರು ಫೇಸಿನಲ್ಲಿ ಒಂದು ಹೋಗುವುದು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ನಮ್ಮ ಕಡೆ ಇದರಿಂದ ಹೋಗುವ ಮೋಟರುಗಳು ಬಹಳ. ಒಂದು ಫ್ಯೂಸ್ ಹೋಗಿರಬಹುದು, ಕಾಂಟ್ಯಾಕ್ಟರಿನ (ಸ್ಟಾರ್ಟರಿನೊಳಗೆ ಕರೆಂಟ್ ಜೋಡಿಸುವ, ಬಿಡಿಸುವ ಸ್ವಿಚ್ಚು) ಒಂದು ಕಾಂಟ್ಯಾಕ್ಟ್ ಸುಟ್ಟಿರಬಹುದು, ಲೈನಿನಲ್ಲೇ ಒಂದು ಫೇಸ್ ಇಲ್ಲದಿರಬಹುದು. ನಿಂತಿರುವ ಮೋಟರ್ ಆದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಓಡುತ್ತಿರುವ ಮೋಟರ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಎರಡೇ ಫೇಸಿನಲ್ಲಿ ಓಡುತ್ತಲೇ ಇರುತ್ತದೆ.

ರಿಲೇ ಆಗ ಬೀಳಬೇಕಲ್ವಾ? ಒಂದು 10 ಎಚ್‌ಪಿ ಮೋಟರ್ ತೆಗೆದುಕೊಳ್ಳಿ. 415 ವೋಲ್ಟ್, ಡೆಲ್ಟಾ (ಮೂರು ವೈಂಡಿಂಗನ್ನು ತ್ರಿಕೋನದ ಹಾಗೆ ಜೋಡಿಸಿದ್ದು), ನೇಮ್‌ಪ್ಲೇಟ್ ಕರೆಂಟ್ 14 ಆಂಪಿಯರ್. ರಿಲೇಯನ್ನು ಸರಿಯಾಗಿ 14ಕ್ಕೇ ಇಟ್ಟಿದ್ದೀರಿ. ಲೋಡ್ ಪೂರ್ತಿ ಇಲ್ಲ, ಮೋಟರ್ ಸುಮಾರು 8.5 ಆಂಪಿಯರ್ ಎಳೆಯುತ್ತಿದೆ. ಒಂದು ಫೇಸ್ ಹೋಯ್ತು. ಉಳಿದ ಎರಡು ಲೈನಿನಲ್ಲಿ ಕರೆಂಟ್ ಸುಮಾರು 1.73 ಪಟ್ಟು ಆಗುತ್ತದೆ. ಅಂದರೆ 14.7 ಆಂಪಿಯರ್, ಸೆಟ್ಟಿಂಗಿನ 1.05 ಪಟ್ಟು. ಸ್ಟ್ಯಾಂಡರ್ಡ್ ಪ್ರಕಾರ ಮೂರೂ ಫೇಸ್ ಇದ್ದಾಗ 1.05 ಪಟ್ಟಿಗೆ ರಿಲೇ ಎರಡು ಗಂಟೆಯೊಳಗೆ ಬೀಳಬಾರದು. 1.2 ಪಟ್ಟಾದರೆ ಎರಡು ಗಂಟೆಯೊಳಗೆ ಬೀಳಲೇಬೇಕು. ಹಾಗಾಗಿ ಸಾದಾ ರಿಲೇಗೆ 14.7 ಆಂಪಿಯರ್ ಏನೂ ಅಲ್ಲ.

ಮೋಟರ್ ಒಳಗೆ ಏನಾಗುತ್ತಿದೆ ನೋಡಿ. ಡೆಲ್ಟಾದಲ್ಲಿ ಒಂದು ಫೇಸ್ ವೈಂಡಿಂಗ್ ಉಳಿದ ಎರಡು ಲೈನುಗಳ ನಡುವೆ ನೇರ ಕೂತಿದೆ. ಲೈನ್ ಕರೆಂಟಿನ ಮೂರರಲ್ಲಿ ಎರಡು ಭಾಗ ಅದರಲ್ಲೇ ಹೋಗುತ್ತದೆ. ಹತ್ತಿರ ಹತ್ತಿರ 9.8 ಆಂಪಿಯರ್. ಆ ವೈಂಡಿಂಗ್ ತಾಳುವುದು 14ರ 0.58 ಭಾಗ, ಅಂದರೆ 8.1. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಆದ್ದರಿಂದ ಆ ಒಂದು ವೈಂಡಿಂಗಿನಲ್ಲಿ ಒಂದೂವರೆ ಪಟ್ಟು ಬಿಸಿ. ಹೊರಗೆ ರಿಲೇ ಸುಮ್ನೆ ಕೂತಿರುತ್ತದೆ.

ಸುಟ್ಟ ಮೋಟರನ್ನು ರೀವೈಂಡಿಂಗ್‌ಗೆ ಕಳಿಸುವ ಮೊದಲು ಎಂಡ್ ಕವರ್ ಬಿಚ್ಚಿ ಒಳಗೆ ನೋಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಒಂದು ಫೇಸಿನ ಕಾಯಿಲ್ ಗುಂಪುಗಳು ಮಾತ್ರ ಕರಿಕಲಾಗಿ, ಕಟ್ಟಿದ ದಾರ ಪುಡಿಯಾಗಿ, ಅದರ ಪಕ್ಕದಲ್ಲೇ ಉಳಿದ ಕಾಯಿಲುಗಳು ಹೊಸ ವಾರ್ನಿಷ್ ಬಣ್ಣದಲ್ಲೇ ಇದ್ದರೆ ಅದು ಡೆಲ್ಟಾ ಮೋಟರಿನ ಸಿಂಗಲ್ ಫೇಸಿಂಗ್. ಸ್ಟಾರ್ ಮೋಟರ್ (ಮೂರು ವೈಂಡಿಂಗಿನ ಒಂದೊಂದು ತುದಿ ಒಟ್ಟಿಗೆ ಸೇರಿಸಿದ್ದು) ಆದರೆ ತಿರುವುಮುರುವು: ಎರಡು ಫೇಸ್ ಕಪ್ಪು, ಒಂದು ಚೆನ್ನಾಗಿರುತ್ತದೆ. ಎಲ್ಲಾ ಕಾಯಿಲೂ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್, ಇಲ್ಲವೇ ಗಾಳಿಯಾಡಿಲ್ಲ. ಒಂದೇ ಜಾಗದಲ್ಲಿ ತಾಮ್ರ ಕರಗಿ ಗುಳಿ ಬಿದ್ದಿದ್ದರೆ ಶಾರ್ಟ್ ಅಥವಾ ಅರ್ತ್. ಕಾರಣ ತಿಳಿಯದೆ ರೀವೈಂಡ್ ಮಾಡಿಸಿ ಕೂರಿಸಿದ ಮೋಟರ್ ಅದೇ ಸುಟ್ಟ ಕಾಂಟ್ಯಾಕ್ಟಿಗೆ ಮತ್ತೆ ಬಲಿಯಾಗುತ್ತದೆ.

ಇದಕ್ಕೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್, ಅಂದರೆ ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ, ಹಾಕುತ್ತೇವೆ. ಅದರಲ್ಲೂ ಎಚ್ಚರ ಬೇಕು. ವೋಲ್ಟೇಜ್ ನೋಡುವ ಪ್ರಿವೆಂಟರನ್ನು ಕಾಂಟ್ಯಾಕ್ಟರಿಗೆ ಮುಂಚೆ ಜೋಡಿಸಿದರೆ, ಕಾಂಟ್ಯಾಕ್ಟರಿನೊಳಗೆ ಫೇಸ್ ಹೋದದ್ದು ಅದಕ್ಕೆ ಕಾಣುವುದೇ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಕಡಿಮೆ ಲೋಡಿನಲ್ಲಿ ಓಡುತ್ತಿರುವ ಮೋಟರ್ ತಾನೇ ಆ ಹೋದ ಫೇಸಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ, ಪ್ರಿವೆಂಟರ್ ಮೋಸ ಹೋಗುತ್ತದೆ. ಮೂರೂ ಫೇಸಿನ ಕರೆಂಟನ್ನು ಹೋಲಿಸಿ ನೋಡುವ ಮೋಟರ್ ಪ್ರೊಟೆಕ್ಷನ್ ರಿಲೇ ಸ್ವಲ್ಪ ದುಬಾರಿ, ಆದರೆ ನನ್ನ ಮತ ಅದಕ್ಕೇ.

ಫೇಸ್ ಪೂರ್ತಿ ಹೋಗಬೇಕಾಗಿಯೂ ಇಲ್ಲ. ಮೂರು ಲೈನಿನ ವೋಲ್ಟೇಜ್ 420, 415, 400 ಇದ್ದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಸರಾಸರಿ 411.7. ಅದರಿಂದ ಅತಿ ದೂರ ಇರುವುದು 400, ವ್ಯತ್ಯಾಸ ಶೇಕಡಾ 2.8. ಇಷ್ಟಕ್ಕೇ ಮೋಟರಿನ ಬಿಸಿ ಏರಿಕೆ ಶೇಕಡಾ 16ರಷ್ಟು ಹೆಚ್ಚಾಗುತ್ತದೆ. ಲೆಕ್ಕ ಸುಲಭ: ವ್ಯತ್ಯಾಸದ ವರ್ಗ, ಗುಣಿಸು ಎರಡು. ಶೇಕಡಾ 5 ದಾಟಿದರೆ ಮೋಟರ್ ಓಡಿಸಲೇಬಾರದು.

ಮೋಟರನ್ನು ಸ್ಟಾರ್‌ನಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾಕ್ಕೆ ಬದಲಿಸುವ ಸ್ಟಾರ್ ಡೆಲ್ಟಾ ಸ್ಟಾರ್ಟರಿನಲ್ಲಿ ನಡೆಯುವ ಒಂದು ತಪ್ಪು ಹೇಳಬೇಕು. 20 ಎಚ್‌ಪಿ ಮೋಟರ್, ನೇಮ್‌ಪ್ಲೇಟ್ ಮೇಲೆ 28 ಆಂಪಿಯರ್. ರಿಲೇ ಮೇನ್ ಕಾಂಟ್ಯಾಕ್ಟರಿನ ಕೆಳಗಿದ್ದರೆ ಅದರಲ್ಲಿ ಹೋಗುವುದು ಫೇಸ್ ವೈಂಡಿಂಗಿನ ಕರೆಂಟ್ ಮಾತ್ರ. ಅದನ್ನು 28ರ 0.58 ಭಾಗಕ್ಕೆ, ಅಂದರೆ 16.2ಕ್ಕೆ ಇಡಬೇಕು. 28ಕ್ಕೇ ತಿರುಗಿಸಿಟ್ಟರೆ ಆ ಮೋಟರಿಗೆ ರಿಲೇ ಇಲ್ಲದ ಹಾಗೇ. ನಾಳೆ ಡ್ಯೂಟಿಗೆ ಹೋದವರು ನಿಮ್ಮ ಪ್ಯಾನೆಲ್ ಬಾಗಿಲು ತೆಗೆದು ಡಯಲ್ ಎಲ್ಲಿದೆ ಎಂದು ನೋಡಿ. ರಿಲೇ ಪದೇಪದೇ ಬೀಳುತ್ತದೆ ಎಂದು ಯಾರೋ ಸ್ಕ್ರೂಡ್ರೈವರ್ ಹಾಕಿ ಮೇಲಕ್ಕೆ ತಿರುಗಿಸಿರಬಹುದು. ಅದನ್ನು ಮಾಡಿದವರ ಮೇಲೆ ನನಗೆ ಕೋಪ ಇಲ್ಲ. ಅವರ ಹಿಂದೆ "ಬೇಗ ಲೈನ್ ಶುರು ಮಾಡಿ" ಎಂದು ನಿಂತಿದ್ದವರಿಗೆ ಈ ಮಾತು ಮುಟ್ಟಬೇಕು.

ರೀಸೆಟ್ ಕೂಡ ಹಾಗೇ. ರಿಲೇ ಪಟ್ಟಿ ಕೆಲವು ನಿಮಿಷದಲ್ಲಿ ತಣ್ಣಗಾಗುತ್ತದೆ. ದೊಡ್ಡ ಮೋಟರಿಗೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ನೇರ ಸ್ಟಾರ್ಟರಿನಲ್ಲಿ ಪ್ರತಿ ಸ್ಟಾರ್ಟಿಗೆ ಆರೇಳು ಪಟ್ಟು ಕರೆಂಟ್ ಒಳಗೆ ಹೋಗುತ್ತದೆ. ಸಾಮಾನ್ಯ ಮೋಟರ್ ತಣ್ಣಗಿದ್ದಾಗ ಬೆನ್ನುಬೆನ್ನಿಗೆ ಎರಡು ಸ್ಟಾರ್ಟ್, ಬಿಸಿ ಇದ್ದಾಗ ಒಂದೇ ಸ್ಟಾರ್ಟ್ ತಡೆಯುತ್ತದೆ. ಆದ್ದರಿಂದ ರಿಲೇಯನ್ನು ಆಟೋ ರೀಸೆಟ್‌ನಲ್ಲಿ ಇಡಬೇಡಿ. ಬಿದ್ದ ಮೇಲೆ ಯಾರಾದರೂ ಬಂದು, ಶಾಫ್ಟ್ ಕೈಯಲ್ಲಿ ತಿರುಗಿಸಿ, ಆಮೇಲೆ ಬಟನ್ ಒತ್ತಬೇಕು.

ಇನ್ನು ಕರೆಂಟ್ ಸರಿಯಿದ್ದೂ ಮೋಟರ್ ಬೇಯುವ ಕತೆ. ರಾಯಚೂರು, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳನ್ನು ನೆನೆಸಿಕೊಳ್ಳಿ. ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಗಿರಣಿ ಒಳಗೆ ಇನ್ನೂ ಜಾಸ್ತಿ. ತೌಡು, ಹೊಟ್ಟಿನ ಧೂಳು ಮೋಟರಿನ ಮೈಮೇಲಿನ ರೆಕ್ಕೆಗಳ ನಡುವೆ ಕೂತು ಕಂಬಳಿ ಹೊದಿಸಿದ ಹಾಗಾಗುತ್ತದೆ, ಫ್ಯಾನ್ ಕವರಿನ ಜಾಲರಿ ಮುಚ್ಚಿಹೋಗುತ್ತದೆ. ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕಿದರೆ ಕರೆಂಟ್ ಸರಿಯಾಗೇ ಇದೆ. ಮೋಟರಿನ ವೇಗ ಬದಲಿಸುವ ಡ್ರೈವ್ ಹಾಕಿ 20 ಹರ್ಟ್ಸ್‌ನಲ್ಲಿ ಕನ್ವೇಯರ್ ಓಡಿಸುವಲ್ಲೂ ಇದೇ ಪಾಡು: ಶಾಫ್ಟಿನ ಫ್ಯಾನ್ ನಿಧಾನ, ಲೋಡ್ ಅಷ್ಟೇ, ಬಿಸಿ ಹೊರಗೆ ಹೋಗುವ ದಾರಿ ಇಲ್ಲ. ಅಲ್ಲಿ ಬೇರೆ ಫ್ಯಾನ್ ಕೂರಿಸಬೇಕು.

ಇಂಥ ಕಡೆ ಬೇಕಾದದ್ದು ಥರ್ಮಿಸ್ಟರ್. ವೈಂಡಿಂಗ್ ಒಳಗೇ, ಪ್ರತಿ ಫೇಸಿಗೊಂದು, ಬೇಳೆಕಾಳಿನಷ್ಟು ಚಿಕ್ಕದು. ಗೊತ್ತಾದ ತಾಪ ಮುಟ್ಟಿದ ಕೂಡಲೇ ಅದರ ರೆಸಿಸ್ಟೆನ್ಸ್ ಕೆಲವು ನೂರು ಓಮ್‌ನಿಂದ ಸಾವಿರಗಳಿಗೆ ಜಿಗಿಯುತ್ತದೆ, ಅದರ ರಿಲೇ ಮೋಟರನ್ನು ನಿಲ್ಲಿಸುತ್ತದೆ. ಇದು ಊಹೆ ಮಾಡುವುದಿಲ್ಲ, ಬಿಸಿಯನ್ನೇ ನೋಡುತ್ತದೆ. ರೀವೈಂಡ್ ಮಾಡಿಸುವಾಗ ಹಾಕಿಸಿಕೊಂಡರೆ ಖರ್ಚು ಬಹಳ ಕಡಿಮೆ. ಎಷ್ಟೋ ಮೋಟರುಗಳಲ್ಲಿ ಅದರ ವೈರ್ ಟರ್ಮಿನಲ್ ಬಾಕ್ಸಿನವರೆಗೆ ಬಂದು ಹಾಗೇ ಮಡಚಿಕೊಂಡು ಕೂತಿರುತ್ತದೆ, ಯಾರೂ ಜೋಡಿಸಿರುವುದಿಲ್ಲ. ಆ ಎರಡು ವೈರಿನ ನಡುವೆ ಮಾತ್ರ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಾಕಬೇಡಿ. ಥರ್ಮಿಸ್ಟರ್ ಹಾಳಾಗುತ್ತದೆ, ಮಲ್ಟಿಮೀಟರ್ ಸಾಕು.

ಶಾರ್ಟ್ ಆದರೆ ಓವರ್‌ಲೋಡ್ ರಿಲೇ ಕೈಯಲ್ಲಿ ಏನೂ ಆಗದು, ಅದು ಫ್ಯೂಸ್ ಅಥವಾ ಬ್ರೇಕರಿನ ಕೆಲಸ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದನ್ನು ದಯವಿಟ್ಟು ಬಿಡಿ. ಅರ್ತ್ ಲೀಕೇಜಿಗೆ ಬೇರೆ ರಿಲೇ ಬೇಕು, ಅಲ್ಲಿ ಮನುಷ್ಯರ ಜೀವದ ಪ್ರಶ್ನೆ ಇದೆ.

ಈ ಮೇಜಿನ ಮೇಲೆ ಒಂದು ಹಳೆಯ ರಿಲೇ ಬಿಚ್ಚಿಟ್ಟಿದ್ದೇನೆ. ಅದರ ಟೆಸ್ಟ್ ಬಟನ್ ಒತ್ತಿ "ರಿಲೇ ಚೆನ್ನಾಗಿದೆ" ಎನ್ನುವವರು ಬಹಳ ಜನ. ಆ ಬಟನ್ ಕಾಂಟ್ಯಾಕ್ಟನ್ನು ಮಾತ್ರ ಅಲ್ಲಾಡಿಸುತ್ತದೆ, ಪಟ್ಟಿ ಬಗ್ಗುತ್ತದೋ ಇಲ್ಲವೋ ಹೇಳುವುದಿಲ್ಲ. ಅದು ಗೊತ್ತಾಗಲು ಕರೆಂಟ್ ಹಾಯಿಸಿ, ಎಷ್ಟು ಹೊತ್ತಿಗೆ ಬಿತ್ತು ಎಂದು ನೋಡಬೇಕು. ಬನ್ನಿ, ಹತ್ತಿರ ಬನ್ನಿ, ಈಗ ಅದನ್ನೇ ಮಾಡಿ ತೋರಿಸುತ್ತೇನೆ. ಪ್ರಶ್ನೆ ಇದ್ದವರು ಕೇಳುತ್ತಾ ಹೋಗಿ.