ಫೋರ್‌ಹ್ಯಾಂಡ್ ಹೊಡೆತಕ್ಕೆ ಉತ್ತರ ಅದರ ಹಿಂದಿನ ಚೆಂಡಿನಲ್ಲಿದೆ

ಎಲ್ಲರಿಗೂ ನಮಸ್ಕಾರ. ಟೇಬಲ್ ಟೆನಿಸ್ ಆಟಗಾರರು, ಕೋಚ್‌ಗಳು, ಜೊತೆಗೆ ಬಂದಿರುವ ಅಪ್ಪ ಅಮ್ಮಂದಿರು, ಎಲ್ಲರೂ ಇದ್ದೀರಿ. ಇಲ್ಲಿ ಯಾರಿಗೂ ಟಾಪ್‌ಸ್ಪಿನ್ ಅಂದರೆ ಚೆಂಡು ಮುಂದಕ್ಕೆ ಉರುಳುವಂತೆ ತಿರುಗುವುದು ಎಂದು ಹೇಳಬೇಕಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಹತ್ತಿರ ಬರುವ ಆಟಗಾರರ ದೂರು ಹೆಚ್ಚುಕಡಿಮೆ ಒಂದೇ, ಎದುರಾಳಿಯ ಫೋರ್‌ಹ್ಯಾಂಡ್, ಅಂದರೆ ಬ್ಯಾಟ್ ಹಿಡಿದ ಕೈಯ ಕಡೆಯಿಂದ ಹೊಡೆಯುವ ಹೊಡೆತ. "ಸಾರ್, ಅವನ ಫೋರ್‌ಹ್ಯಾಂಡ್ ತಡೆಯೋಕೆ ಆಗ್ತಿಲ್ಲ. ಬ್ಲಾಕ್ ಹೇಳಿಕೊಡಿ." ಬ್ಲಾಕ್, ಅಂದರೆ ಬಂದ ಹೊಡೆತಕ್ಕೆ ಬ್ಯಾಟ್ ಅಡ್ಡ ಹಿಡಿದು ವಾಪಸ್ ಕಳಿಸುವುದು, ಹೇಳಿಕೊಡೋಣ, ತೊಂದರೆಯಿಲ್ಲ. ಆದರೆ ನಾನು ಮೊದಲು ಕೇಳುವುದು ಬೇರೆ. ಅವನು ಹೊಡೆದ ಆ ಚೆಂಡನ್ನು ಅವನಿಗೆ ಕೊಟ್ಟವರು ಯಾರು? ನಾವೇ ಅಲ್ವಾ? ಈ ಮಾತನ್ನು ಇವತ್ತು ಹಲವು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಸಣ್ಣ ಲೆಕ್ಕ ನೋಡಿ. ಟೇಬಲ್‌ನ ಉದ್ದ 2.74 ಮೀಟರ್. ಇಬ್ಬರೂ ಸ್ವಲ್ಪ ಹಿಂದೆ ನಿಂತಿದ್ದಾರೆ, ನಡುವೆ 4 ಮೀಟರ್ ಇದೆ ಎಂದುಕೊಳ್ಳೋಣ. ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬಂದರೆ ನಮಗೆ ಸಿಗುವುದು 0.2 ಸೆಕೆಂಡ್. ಕಣ್ಣು ನೋಡಿ, ತಲೆಗೆ ಹೊಳೆದು, ಕೈ ಅಲುಗಾಡಲು ಶುರುವಾಗುವುದಕ್ಕೇ ಸುಮಾರು ಅಷ್ಟು ಸಮಯ ಬೇಕು. ಬ್ಯಾಟ್ ಸರಿಯಾದ ಜಾಗಕ್ಕೆ ಹೋಗುವುದು ಅದಾದ ಮೇಲೆ. ಹಾಗಿದ್ದರೆ ಒಳ್ಳೆಯ ಆಟಗಾರರು ಅಂಥ ಹೊಡೆತವನ್ನು ಹೇಗೆ ತಡೆಯುತ್ತಾರೆ? ಅವರ ಕೈ ನಮಗಿಂತ ಬಹಳ ಚುರುಕು ಎಂಬುದು ಪೂರ್ತಿ ಉತ್ತರವಲ್ಲ. ಚೆಂಡು ಎಲ್ಲಿಗೆ ಬರುತ್ತದೆ ಎಂಬುದು ಅವರಿಗೆ ಮೊದಲೇ ಅರ್ಧ ಗೊತ್ತಿರುತ್ತದೆ. ಯಾಕೆ ಗೊತ್ತಿರುತ್ತದೆ? ಹಿಂದಿನ ಚೆಂಡನ್ನು ಅವರು ಬೇಕೆಂದೇ ಅಲ್ಲಿಗೆ ಹಾಕಿರುತ್ತಾರೆ.

ನನ್ನ ಬಳಿ ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಒಳ್ಳೆಯ ಬ್ಯಾಕ್‌ಹ್ಯಾಂಡ್ (ಇನ್ನೊಂದು ಕಡೆಯಿಂದ, ಕೈಯ ಹಿಂಭಾಗ ಮುಂದಿಟ್ಟು ಆಡುವ ಹೊಡೆತ), ಶಾಂತ ಸ್ವಭಾವ. ಆದರೆ ಒಬ್ಬ ಎದುರಾಳಿ ಸಿಕ್ಕರೆ ಮಾತ್ರ ಸೋಲು ಖಾಯಂ. ಆ ಎದುರಾಳಿಗೆ ಇದ್ದದ್ದು ಒಂದೇ ಆಯುಧ, ಬ್ಯಾಕ್‌ಹ್ಯಾಂಡ್ ಮೂಲೆಯಿಂದ ಪಕ್ಕಕ್ಕೆ ಸರಿದು ಹೊಡೆಯುವ ಫೋರ್‌ಹ್ಯಾಂಡ್. ಒಂದು ಮ್ಯಾಚ್‌ಗೆ ನಾನು ಕಾಗದ ಪೆನ್ಸಿಲ್ ಹಿಡಿದು ಕೂತೆ. ಎದುರಾಳಿಯ ಅರ್ಧ ಟೇಬಲ್‌ನ ಚಿತ್ರ ಬರೆದುಕೊಂಡೆ. ಆ ಫೋರ್‌ಹ್ಯಾಂಡ್‌ಗೆ ಪಾಯಿಂಟ್ ಹೋದಾಗಲೆಲ್ಲ, ಅದಕ್ಕೆ ಮುಂಚೆ ನಮ್ಮ ಹುಡುಗಿ ಆಡಿದ ಚೆಂಡು ಎಲ್ಲಿ ಪುಟಿಯಿತೋ ಅಲ್ಲಿ ಒಂದು ಚುಕ್ಕಿ. ಪಕ್ಕದಲ್ಲಿ ಅವಳ ಅಪ್ಪ ಕೂತಿದ್ದರು. ಪ್ರತಿ ಪಾಯಿಂಟ್ ಹೋದಾಗಲೂ "ಬ್ಲಾಕ್ ಮಾಡ್ಬೇಕಿತ್ತು ಸಾರ್, ಬ್ಲಾಕ್" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಮಗಳಿಗೆ ಕೇಳಿಸಬಾರದು ಎಂದು ಪಿಸುಮಾತು, ಆದರೆ ಹಿಂದಿನ ಸಾಲಿಗೆಲ್ಲ ಕೇಳಿಸುತ್ತಿತ್ತು! ಮ್ಯಾಚ್ ಮುಗಿದ ಮೇಲೆ ಕಾಗದ ಅವರ ಕೈಗೆ ಕೊಟ್ಟೆ. ಚುಕ್ಕಿಗಳು ಟೇಬಲ್ ತುಂಬ ಹರಡಿರಲಿಲ್ಲ. ಬ್ಯಾಕ್‌ಹ್ಯಾಂಡ್ ಕಡೆ ಒಂದೇ ಜಾಗದಲ್ಲಿ ಗುಂಪಾಗಿದ್ದವು. ತುದಿಗೂ ಇಲ್ಲ, ನೆಟ್ ಹತ್ತಿರವೂ ಇಲ್ಲ. ನಿಧಾನವಾದ, ಅರ್ಧ ಉದ್ದದ ಪುಶ್, ಅಂದರೆ ಕೆಳಭಾಗ ಉಜ್ಜಿ ಮುಂದಕ್ಕೆ ದೂಡಿದ ಚೆಂಡು. ಎದುರಾಳಿಗೆ ಪಕ್ಕಕ್ಕೆ ಸರಿಯಲು ಬೇಕಾದಷ್ಟು ಸಮಯ, ಬ್ಯಾಟ್ ಬೀಸಲು ಬೇಕಾದಷ್ಟು ಜಾಗ. ಅಪ್ಪ ಆ ಕಾಗದವನ್ನು ತುಂಬ ಹೊತ್ತು ನೋಡಿದರು. ಮುಂದಿನ ವಾರಗಳಲ್ಲಿ ಅವಳು ಅಭ್ಯಾಸ ಮಾಡಿದ್ದು ಜಾಸ್ತಿ ಪುಶ್, ಕಡಿಮೆ ಬ್ಲಾಕ್. ಆ ಎದುರಾಳಿಯನ್ನು ಆಮೇಲೆ ಅವಳು ಗೆದ್ದಳು, ಮತ್ತೆ ಸೋತಳು, ಮತ್ತೆ ಗೆದ್ದಳು. ಖಾಯಂ ಸೋಲು ಮಾತ್ರ ನಿಂತಿತು.

ಹಾಗಾದರೆ ಎಂಥ ಚೆಂಡು ಕೊಡಬೇಕು? ಒಂದೋ ನಿಜವಾಗಿ ಚಿಕ್ಕದು. ಸುಮ್ಮನೆ ಬಿಟ್ಟರೆ ಅವರ ಕಡೆ ಎರಡು ಸಲ ಪುಟಿಯಬೇಕು. ಆಗ ದೊಡ್ಡದಾಗಿ ಬೀಸಲು ಹೋದರೆ ಬ್ಯಾಟ್ ಟೇಬಲ್‌ಗೆ ತಾಗುತ್ತದೆ. ಇಲ್ಲವೇ ನಿಜವಾಗಿ ಉದ್ದದ್ದು. ಕೊನೆಯ ಗೇಣಿನೊಳಗೆ ಬೀಳಬೇಕು, ವೇಗವಾಗಿ ಹೋಗಬೇಕು, ಕೆಳಗೆ ಗಟ್ಟಿಯಾಗಿ ಉಜ್ಜಿದ ಬ್ಯಾಕ್‌ಸ್ಪಿನ್, ಅಂದರೆ ಹಿಂದಕ್ಕೆ ತಿರುಗುವ ಸ್ಪಿನ್, ಇರಬೇಕು. ಅದಕ್ಕೂ ಅವರು ಲೂಪ್, ಅಂದರೆ ಟಾಪ್‌ಸ್ಪಿನ್ ತುಂಬಿದ ಹೊಡೆತ, ಹಾಕಬಹುದು. ಆದರೆ ಕಾಲು ಸರಿಹೊಂದುವ ಮುಂಚೆ, ಕೆಳಗಿನಿಂದ ಎತ್ತಿ ಹಾಕುತ್ತಾರೆ. ಅಂಥ ಲೂಪ್ ನಿಧಾನ, ಮತ್ತು ಎಲ್ಲಿಗೆ ಬರುತ್ತದೆ ಎಂಬ ಅಂದಾಜು ನಮಗಿರುತ್ತದೆ.

ಇನ್ನೊಂದು ಜಾಗ ಇದೆ, ನನಗೆ ಬಹಳ ಇಷ್ಟವಾದದ್ದು. ಅವರ ಮೊಣಕೈ. ಫೋರ್‌ಹ್ಯಾಂಡ್ ಆಡಲೋ ಬ್ಯಾಕ್‌ಹ್ಯಾಂಡ್ ಆಡಲೋ ಎಂದು ತೋಚದ ಜಾಗ. ಬಲಗೈ ಆಟಗಾರರಾದರೆ ಬಲ ಸೊಂಟದ ನೇರಕ್ಕೆ. ಇದು ಟೇಬಲ್ ಮೇಲೆ ಒಂದು ನಿಗದಿತ ಜಾಗವಲ್ಲ, ನೆನಪಿರಲಿ. ಅವರು ಸರಿದ ಹಾಗೆ ಮೊಣಕೈಯೂ ಸರಿಯುತ್ತದೆ. ಗುರಿ ಇಡಬೇಕಾದ್ದು ಮನುಷ್ಯನ ಕಡೆಗೆ. ಫೋರ್‌ಹ್ಯಾಂಡ್ ಹೊಡೆಯಲು ಅವರು ಬ್ಯಾಕ್‌ಹ್ಯಾಂಡ್ ಮೂಲೆಗೆ ಸರಿದಾಗ, ನಮ್ಮಲ್ಲಿ ಬಹಳ ಜನ ಖಾಲಿಯಿರುವ ಫೋರ್‌ಹ್ಯಾಂಡ್ ಕಡೆಗೆ ತಕ್ಷಣ ಬ್ಲಾಕ್ ಮಾಡುತ್ತಾರೆ. ಒಳ್ಳೆಯದೇ. ಆದರೆ ಆ ಬ್ಲಾಕ್ ವೇಗವಾಗಿಯೂ ಅಗಲವಾಗಿಯೂ ಹೋಗಬೇಕು. ನಿಧಾನವಾದರೆ ಅವರು ಕಾಲು ಅಡ್ಡ ಹಾಕಿ ಓಡಿಬಂದು ಇನ್ನೊಂದು ಫೋರ್‌ಹ್ಯಾಂಡ್ ಹೊಡೆಯುತ್ತಾರೆ. ಆ ಚೆಂಡನ್ನೂ ಕೊಟ್ಟವರು ನಾವೇ.

ಈಗ ಬ್ಲಾಕ್. ಟಾಪ್‌ಸ್ಪಿನ್ ಚೆಂಡು ನಮ್ಮ ಬ್ಯಾಟಿನ ರಬ್ಬರ್‌ಗೆ ತಾಗಿದ ಕೂಡಲೇ ಮೇಲಕ್ಕೆ ಹತ್ತಲು ನೋಡುತ್ತದೆ. ಅದಕ್ಕೇ ಬ್ಯಾಟ್ ಮುಂದಕ್ಕೆ ಬಾಗಿರಬೇಕು. ಎಷ್ಟು ಬಾಗಿರಬೇಕು ಎಂಬುದರಲ್ಲೇ ಎಡವುತ್ತೇವೆ. ವೇಗವಾಗಿ ಬರುವ ಚಪ್ಪಟೆ ಹೊಡೆತ ನೋಡಿ ಹೆದರಿ ಬ್ಯಾಟ್ ಪೂರ್ತಿ ಮುಚ್ಚುತ್ತಾರೆ, ಅಂದರೆ ಮುಂದಕ್ಕೆ ಬಾಗಿಸುತ್ತಾರೆ, ಚೆಂಡು ನೆಟ್‌ಗೆ. ನಿಧಾನವಾದ ಲೂಪ್ ನೋಡಿ ಸುಲಭ ಎಂದುಕೊಂಡು ಬ್ಯಾಟ್ ತೆರೆಯುತ್ತಾರೆ, ಚೆಂಡು ಟೇಬಲ್ ಆಚೆಗೆ. ನಿಧಾನವಾಗಿ, ಎತ್ತರದಿಂದ ಇಳಿದು ಬರುವ ಲೂಪ್‌ನಲ್ಲೇ ಸ್ಪಿನ್ ಜಾಸ್ತಿ ಇರುವ ಸಂಭವ ಹೆಚ್ಚು. ಅದಕ್ಕೇ ಹೆಚ್ಚು ಮುಚ್ಚಬೇಕು. ಗುರುತಿಸುವುದು ಹೇಗೆ? ಅವರ ಬ್ಯಾಟ್ ಎಲ್ಲಿಂದ ಹೊರಡುತ್ತದೆ ನೋಡಿ. ಮೊಣಕಾಲಿನ ಹತ್ತಿರದಿಂದ ಮೇಲಕ್ಕೆ ಬಂದರೆ ಸ್ಪಿನ್. ಸೊಂಟದ ಹಿಂದಿನಿಂದ ನೇರ ಮುಂದಕ್ಕೆ ಬಂದರೆ ವೇಗ. ಸದ್ದನ್ನೂ ಕೇಳಿ. ಚಪ್ಪಟೆ ಹೊಡೆತ ಟಕ್ ಎನ್ನುತ್ತದೆ, ಉಜ್ಜಿದ ಚೆಂಡಿನ ಸದ್ದು ಮೆತ್ತಗೆ.

ಚೆಂಡನ್ನು ಪುಟಿದ ತಕ್ಷಣ, ಮೇಲೇರುವಾಗಲೇ ತೆಗೆದುಕೊಳ್ಳಿ. ಕಾಯುತ್ತಾ ಕೂತರೆ ಅದು ಎಗರಿ ಎದೆಗೆ ಬರುತ್ತದೆ. ಬ್ಯಾಟ್ ಹಿಂದಕ್ಕೆ ಎಳೆಯುವುದು ಬೇಡವೇ ಬೇಡ, ವೇಗ ಆಗಲೇ ಅವರು ಕೊಟ್ಟಿದ್ದಾರೆ. ಹಿಡಿತ ಸಡಿಲ ಇರಲಿ. ಯಾರೋ ಎಸೆದ ಮೊಟ್ಟೆಯನ್ನು ಒಡೆಯದೆ ಹಿಡಿಯುವಾಗ ಕೈ ತಾನಾಗಿ ಸ್ವಲ್ಪ ಹಿಂದೆ ಹೋಗುತ್ತದಲ್ಲ, ಮೆತ್ತನೆಯ ಬ್ಲಾಕ್‌ಗೆ ಅಷ್ಟೇ ಸಾಕು. ಎದುರಾಳಿ ಹಿಂದೆ ಹೋಗಿದ್ದರೆ ಈ ಮೆತ್ತನೆಯ ಬ್ಲಾಕ್ ನೆಟ್ ಹತ್ತಿರ ಬಿದ್ದು ಅವರನ್ನು ಮುಂದಕ್ಕೆ ಓಡಿಸುತ್ತದೆ. ಟೇಬಲ್ ಹತ್ತಿರವೇ ಇದ್ದರೆ ಅದನ್ನು ಆಡಬೇಡಿ. ಆಗ ಮುಂದೋಳಿನಿಂದ ಚಿಕ್ಕದಾಗಿ ಒತ್ತಿ, ಉದ್ದಕ್ಕೆ, ಮೊಣಕೈಗೆ.

ಈ ಮಾತು ಬಂದಾಗಲೆಲ್ಲ ನನಗೆ ವಾಲ್ಡ್‌ನರ್ ನೆನಪಾಗುತ್ತಾರೆ. ಸ್ವೀಡನ್‌ನ ಯಾನ್ ಓವೆ ವಾಲ್ಡ್‌ನರ್. 1989 ಮತ್ತು 1997ರ ವಿಶ್ವ ಚಾಂಪಿಯನ್, 1992ರ ಒಲಿಂಪಿಕ್ ಚಿನ್ನ. ಇದೆಲ್ಲ ನಿಮಗೆ ಗೊತ್ತು. ನಾನು ಹೇಳಬೇಕೆಂದಿರುವುದು 2004ರ ಅಥೆನ್ಸ್ ಒಲಿಂಪಿಕ್ಸ್. ಆಗ ಅವರಿಗೆ 38 ವರ್ಷ. ಚೀನಾದ ಮಾ ಲಿನ್ ಅವರನ್ನು 4-1ರಿಂದ ಸೋಲಿಸಿದರು. ಆಮೇಲೆ ಜರ್ಮನಿಯ ಟಿಮೊ ಬೋಲ್ ಅವರನ್ನೂ 4-1ರಿಂದ. ಇಬ್ಬರೂ ಜಗತ್ತಿನ ಅತ್ಯುತ್ತಮ ಫೋರ್‌ಹ್ಯಾಂಡ್‌ಗಳ ಒಡೆಯರು, ಇಬ್ಬರೂ ವಯಸ್ಸಿನಲ್ಲಿ ಬಹಳ ಚಿಕ್ಕವರು. ಕೈಯ ಚುರುಕಿನಿಂದಷ್ಟೇ ಆ ವಯಸ್ಸಿನಲ್ಲಿ ಗೆಲ್ಲಲು ಆಗುತ್ತದೆಯೇ? ವಾಲ್ಡ್‌ನರ್ ಬ್ಲಾಕ್ ನೋಡಿದವರಿಗೆ ಗೊತ್ತು. ಒಂದು ಮೆತ್ತಗೆ, ಒಂದು ವೇಗವಾಗಿ, ಎಲ್ಲಿಗೆ ಎಂಬುದು ಕೊನೆಯ ಕ್ಷಣದವರೆಗೆ ಗುಟ್ಟು. ಎದುರಾಳಿಗೆ ಒಂದೇ ತರಹದ ಚೆಂಡು ಎರಡು ಸಲ ಸಿಗುವುದು ಅಪರೂಪ.

ಸೆಮಿಫೈನಲ್‌ನಲ್ಲಿ ಅವರು ಕೊರಿಯಾದ ರ್ಯೂ ಸೆಯುಂಗ್ ಮಿನ್ ಎದುರು ಸೋತರು, ಅದನ್ನೂ ಹೇಳಬೇಕು. ರ್ಯೂ ಇಡೀ ಟೇಬಲ್ ಓಡಿ ಫೋರ್‌ಹ್ಯಾಂಡ್ ಹೊಡೆಯುವವರು, ಚಿನ್ನ ಗೆದ್ದವರೂ ಅವರೇ. ಅಂಥ ಕಾಲು ಇರುವವರ ಎದುರು ನಮ್ಮ ಒಳ್ಳೆಯ ಚೆಂಡಿಗೂ ಹೊಡೆತ ಬೀಳುತ್ತದೆ. ಬೀಳಲಿ. ಕೆಟ್ಟ ಚೆಂಡಿಗೆ ಬಿದ್ದರೆ ಮಾತ್ರ ನನಗೆ ಹೊಟ್ಟೆ ಉರಿಯುತ್ತದೆ.

ಐದೇ ನಿಮಿಷ ಎಂದು ಕೈ ತೋರಿಸುತ್ತಿದ್ದಾರೆ. ಬೇಗ ಮುಗಿಸುತ್ತೇನೆ.

ಲಾಂಗ್ ಪಿಂಪಲ್ಸ್, ಅಂದರೆ ಉದ್ದ ಮೊನೆಗಳಿರುವ ಬ್ಯಾಟಿನ ರಬ್ಬರ್, ಅದರ ಬಗ್ಗೆ ದೊಡ್ಡದಾಗಿ ಹೇಳಬೇಕೆಂದಿದ್ದೆ. ಆ ರಬ್ಬರ್ ಚೆಂಡನ್ನು ಹಿಡಿಯುವುದು ಬಹಳ ಕಡಿಮೆ. ಹಾಗಾಗಿ ಎದುರಾಳಿ ಹಾಕಿದ ಟಾಪ್‌ಸ್ಪಿನ್ ಅವರಿಗೇ ಬ್ಯಾಕ್‌ಸ್ಪಿನ್ ಆಗಿ ವಾಪಸ್ ಹೋಗುತ್ತದೆ. ಮಣಿಕಾ ಬಾತ್ರಾ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸಿಂಗಪುರದ ಫೆಂಗ್ ಟಿಯಾನ್‌ವೇ ಅವರನ್ನು ಎರಡು ಸಲ ಸೋಲಿಸಿದ್ದು ಇಂಥ ರಬ್ಬರ್ ಇಟ್ಟುಕೊಂಡೇ. ಆದರೆ ರಬ್ಬರ್ ಬದಲಿಸಿದರೆ ಸಾಕು ಎಂದುಕೊಳ್ಳಬೇಡಿ, ಅವರು ಚೆಂಡು ಎಲ್ಲಿಗೆ ಹಾಕುತ್ತಾರೆ ನೋಡಿ.

ಹಿಂದೆ ಸರಿದು ಚಾಪ್ ಮಾಡುವುದೂ, ಅಂದರೆ ಚೆಂಡನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿ ಬ್ಯಾಕ್‌ಸ್ಪಿನ್ ಕೊಟ್ಟು ವಾಪಸ್ ಕಳಿಸುವುದೂ, ಒಂದು ದಾರಿ. ಕೊರಿಯಾದ ಜೂ ಸೆ ಹ್ಯುಕ್ 2003ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹಾಗೆ ಆಡಿ ಫೈನಲ್ ತಲುಪಿದರು. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು. ಹೆದರಿ ಹಿಂದೆ ಸರಿಯುವುದು ಬೇರೆ. ಹಿಂದೆ ಹೋದರೆ ಸಮಯ ಸಿಗುತ್ತದೆ ನಿಜ, ಆದರೆ ಎದುರಾಳಿಗೆ ಅಗಲವಾದ ಕೋನ ಸಿಗುತ್ತದೆ. ಲೂಪ್‌ಗೆ ಲೂಪ್ ಹಾಕುವುದನ್ನು ಮೊದಲು ನಿಧಾನ ಲೂಪ್‌ಗೆ ಕಲಿಯಿರಿ, ಟೇಬಲ್ ಹತ್ತಿರವೇ, ಚೆಂಡಿನ ಮೇಲ್ಭಾಗ ಉಜ್ಜಿ. ಇದನ್ನು ಮಾತಿನಲ್ಲಿ ಹೇಳುವುದು ಕಷ್ಟ, ತೋರಿಸುತ್ತೇನೆ.

ಬ್ಯಾಟ್ ತಂದವರು ಆ ಎರಡು ಟೇಬಲ್ ಹತ್ತಿರ ಬನ್ನಿ. ಒಬ್ಬರು ಪುಶ್, ಇನ್ನೊಬ್ಬರು ಲೂಪ್, ಪುಶ್ ಮಾಡಿದವರೇ ಬ್ಲಾಕ್. ಒಂದೇ ನಿಯಮ. ಪುಶ್ ಮಾಡಿದ ಕೂಡಲೇ, ಎದುರಾಳಿ ಹೊಡೆಯುವ ಮುಂಚೆ, ಚೆಂಡು ಯಾವ ಕಡೆ ಬರುತ್ತದೆ ಎಂದು ಗಟ್ಟಿಯಾಗಿ ಹೇಳಬೇಕು. ಕಾಗದ ಪೆನ್ಸಿಲ್ ಅಪ್ಪ ಅಮ್ಮಂದಿರ ಕೈಯಲ್ಲಿರಲಿ, ಚುಕ್ಕಿ ಅವರೇ ಇಡಲಿ.